ಬೇಗೂರಿನ ಬಸ್ಸೂ ಮೊಂಬಾಸಾದ ಪೂಜೆಯೂ

ಬೇಗೂರು

ಸಮುದ್ರ ದಾಟಿ ಬಂದವನು ಅಂತ ಈಗ ನಮ್ಮ ಸೀಮೆಯಲ್ಲಿ ನನಗೊಂದು ಹೆಸರೇ ಬಿದ್ದಿದೆ. ಸಂತೆಮರಹಳ್ಳಿ ಸಂತೆಗೆ ಹೋದರೂ ಯಾರಾದರೊಬ್ಬರು ತೋಳು ಹಿಡಿದು ನಿಲ್ಲಿಸಿ, ಅಲ್ಲಿ ಜನ ಏನು ಉಣ್ಣುತ್ತಾರೆ, ಹೇಗೆ ಮಲಗುತ್ತಾರೆ ಅಂತ ಕೇಳುತ್ತಾರೆ. ಒಬ್ಬೊಬ್ಬರಿಗೂ ಹೇಳಿ ಹೇಳಿ ಗಂಟಲು ಕಟ್ಟಿತು. ಬರೆದೇ ಬಿಡೋಣ ಅಂತ ಕೂತಿದ್ದೇನೆ. ಹಡಗಿನ ಉದ್ದಗಲ, ಟಿಕೀಟಿನ ದರ ಬೇಕಾದವರು ಬೇರೆ ಕಡೆ ವಿಚಾರಿಸಿಕೊಳ್ಳಿ. ನಾನು ಹೇಳುವುದು ಬೆಳಗಿನ ಎಂಟು ಗಂಟೆಯ ಕಥೆ. ಅದೊಂದು ಎಂಟು ಗಂಟೆಯನ್ನು ಮಡಿಲಲ್ಲಿ ಕಟ್ಟಿಕೊಂಡು ನಾನು ಆಫ್ರಿಕಾದವರೆಗೆ ಹೋದೆ.

ನನ್ನ ಕಸುಬು ಅರಿಶಿನ ನೋಡುವುದು. ಚಾಮರಾಜನಗರದ ಒಂದು ಮಂಡಿಯಲ್ಲಿ ಕೂತು ಕೊಂಬು ಮುರಿಯುತ್ತೇನೆ. ಟಕ್ಕನೆ ಮುರಿದರೆ ಚೆನ್ನಾಗಿ ಒಣಗಿದೆ, ಬಾಗಿ ಮುರಿದರೆ ಒಳಗೆ ಹಸಿ ಇದೆ. ಮುರಿದ ಕಡೆ ಬಣ್ಣ ನೋಡಿದರೆ ಎಷ್ಟು ಹೊತ್ತು ಬೇಯಿಸಿದ್ದಾರೆ ಅಂತಲೂ ಹೇಳಬಹುದು. ಹದಿನೈದು ವರ್ಷದಿಂದ ಇದೇ ಕೆಲಸ. ನನ್ನ ಬೆರಳುಗಳು ಯಾವಾಗಲೂ ಮದುವೆ ಗಂಡಿನ ಬೆರಳಿನಂತೆ ಹಳದಿ.

ನಮ್ಮ ಮಂಡಿಯ ಅರಿಶಿನ ಬೊಂಬಾಯಿಯ ಮೂಲಕ ಮೊಂಬಾಸಾದ ಒಬ್ಬ ಗುಜರಾತಿ ಶೇಟಿಗೆ ಹೋಗುತ್ತಿತ್ತು. ಎರಡು ಸಲ ಕಳಿಸಿದ ಮಾಲು ಅಲ್ಲಿ ಹುಳ ಹಿಡಿಯಿತಂತೆ. ತಪ್ಪು ಇಲ್ಲಿಯದೋ ಅಲ್ಲಿಯದೋ ತಿಳಿಯದೆ ಆ ಶೇಟು, ಮಾಲು ಬಲ್ಲವನೊಬ್ಬನನ್ನು ಕಳಿಸಿ ಅಂತ ಬರೆದ. ಮಂಡಿಯ ಯಜಮಾನರು ಕನ್ನಡಕ ಮೇಲೆ ಸರಿಸಿ ನನ್ನ ಕಡೆ ನೋಡಿ, "ಮಾದಪ್ಪ, ನೀನು ಹೋಗಿ ಬಾರಪ್ಪ" ಅಂದುಬಿಟ್ಟರು, ಗುಂಡ್ಲುಪೇಟೆಗೆ ಹೋಗಿ ಬಾ ಅನ್ನುವ ಹಾಗೆ. ಅವತ್ತು ರಸ್ತೆಯಲ್ಲಿ ನನ್ನ ಕಾಲು ನೆಲಕ್ಕೆ ತಾಗಲಿಲ್ಲ.

ಮನೆಯಲ್ಲಿ ಹೇಳಿದರೆ, ನನ್ನ ಹೆಂಡತಿ ದೇವಮ್ಮಣ್ಣಿ ಒಲೆಯ ಮುಂದಿನಿಂದ ತಿರುಗಿ ನೋಡಿ, "ಅಲ್ಲಿ ಬಸ್ಸಿದ್ದದಾ?" ಅಂತ ಕೇಳಿದಳು.

ಈ ಪ್ರಶ್ನೆಯ ಹಿಂದೆ ಒಂದು ಹಳೆಯ ಜಗಳವಿದೆ. ನಮ್ಮ ಮನೆ ಬೇಗೂರಿನಲ್ಲಿ, ದೊಡ್ಡ ರಸ್ತೆಗೆ ಅಂಟಿಕೊಂಡೇ ಇದೆ. ಮೊದಲನೇ ಬಸ್ಸು ಹತ್ತಿ ಗುಂಡ್ಲುಪೇಟೆಗೆ ಹೋಗಿ, ಅಲ್ಲಿಂದ ಇನ್ನೊಂದು ಹಿಡಿದು ನಾನು ಮಂಡಿ ಸೇರಬೇಕು. ಬಸ್ಸು ನಿಲ್ಲುವ ಕಟ್ಟೆಯ ಹತ್ತಿರ ಹಲಗೆಯ ಮೇಲೆ ಎಂಟು ಗಂಟೆ ಅಂತ ಬರೆದಿದೆ. ನನ್ನ ಹತ್ತಿರ ಗಡಿಯಾರವಿಲ್ಲ; ಆ ಬಸ್ಸಿನ ಹಾರನ್ನೇ ಗಡಿಯಾರ. ಬೆಳಿಗ್ಗೆ ಮಿಂದು, ವಿಭೂತಿ ಧರಿಸಿ, ಕೊರಳಿನ ಕರಡಿಗೆ ಬಿಚ್ಚಿ ಲಿಂಗವನ್ನು ಎಡ ಅಂಗೈಯಲ್ಲಿ ಇಟ್ಟುಕೊಂಡು ಕೂತೆನೆಂದರೆ ಒಂದು ಕಿವಿ ಶಿವನಿಗೆ, ಇನ್ನೊಂದು ಕಿವಿ ಹಾರನ್ನಿಗೆ. ಹಿರೀಕಾಟಿ ಕಡೆಯಿಂದ ಸದ್ದು ಬಂತೋ, ಲಿಂಗ ಕರಡಿಗೆಗೆ, ರೊಟ್ಟಿ ಬಾಯಿಗೆ, ಕಾಲು ಬೀದಿಗೆ.

"ನಿಮ್ ಪೂಜ ನಾನು ಕಾಣ್ನಾ?" ಅನ್ನುತ್ತಿದ್ದಳು ದೇವಮ್ಮಣ್ಣಿ. "ನಾನು ಒಂದ್ ರೊಟ್ಟಿ ತಿರುವಾಕೋದ್ರೊಳಗ ಮುಗಿಸ್ಬುಡ್ತೀರಿ. ಶಿವ ಕಣ್ಣು ಬುಟ್ಟು ನೋಡೊತ್ಗ ನೀವು ಬಸ್ನಾಗ ಇರ್ತೀರಿ."

ಅವಳೂ ಲಿಂಗ ಕಟ್ಟಿದವಳೇ, ದಿನಾ ಪೂಜೆ ಮಾಡುವವಳೇ. ಆದರೆ ನಾನು ಹೋದ ಮೇಲೆ, ಮಕ್ಕಳಿಗೆ ಉಣ್ಣಿಸಿ, ಓರಗಿತ್ತಿಗೆ ಅಡುಗೆಮನೆ ಒಪ್ಪಿಸಿ, ನಿಧಾನವಾಗಿ ಕೂರುತ್ತಿದ್ದಳು. ಮದುವೆಯಾಗಿ ಹನ್ನೆರಡು ವರ್ಷದಲ್ಲಿ ನಾವಿಬ್ಬರೂ ಒಂದೇ ಹೊತ್ತಿಗೆ ಕೂತ ದಿನ ಬೆರಳಲ್ಲಿ ಎಣಿಸುವಷ್ಟು.

ಹೊರಡುವ ಹಿಂದಿನ ದಿನ ಟ್ರಂಕಿನಲ್ಲಿ ಬಟ್ಟೆ ಜೋಡಿಸುತ್ತಾ ಅಂದಳು: "ಓಗಿ ಬನ್ನಿ, ಬ್ಯಾಡ ಅನ್ನಲ್ಲ. ಒಂದ್ ಮಾತು ಕೊಟ್ಟೋಗಿ."

"ಏನು?"

"ಮೊದಲ್ನೇ ಬಸ್ಸಿನ ಒತ್ಗ ದಿನಾಲೂ ನಾನಿಲ್ಲಿ ಲಿಂಗ ಇಡ್ಕಂಡು ಕುಂತಿರ್ತೀನಿ. ನೀವು ಎಲ್ಲೇ ಇರಿ, ಅದೇ ಒತ್ಗ ಕೂರ್ಬೇಕು. ಬಸ್ಸು ಓದ ಮೇಲ ನಾನು ಉಣ್ತೀನಿ. ನೀವು ಅಲ್ಲಿ ಕೂರ್ನಿಲ್ಲ ಅಂದ್ರ ನಾನುಂಡದ್ದು ಸುಳ್ಳನ್ನ ಆಯ್ತದ."

"ಆ ಬಸ್ಸೇ ಯಾಕೆ?"

"ಇಷ್ಟ್ ದಿನ ನಿಮ್ ಪೂಜ ಕೆಡಿಸ್ದ ಬಸ್ಸು ತಾನೇ ಅದು? ಇನ್ಮ್ಯಾಲ ಅದೇ ನಿಮ್ಮ ಕೂರುಸ್ಲಿ ಬುಡಿ."

ನಾನು ಅವಳ ಕೈ ಮೇಲೆ ಕೈಯಿಟ್ಟು ಮಾತು ಕೊಟ್ಟೆ. ಎಂಟು ಗಂಟೆ ತಾನೆ, ಏನು ಮಹಾ ಅಂತ.

ಹಡಗು, ಮೊದಲ ದಿನಗಳು

ಹಡಗು ಅಂದರೆ ನಾನು ದೊಡ್ಡ ದೋಣಿ ಅಂದುಕೊಂಡಿದ್ದೆ. ಬೊಂಬಾಯಿ ಧಕ್ಕೆಯಲ್ಲಿ ನಿಂತು ತಲೆ ಎತ್ತಿದರೆ, ಅದು ಕಬ್ಬಿಣದಲ್ಲಿ ಕಟ್ಟಿದ ಒಂದು ಪೇಟೆ. ಒಳಗೆ ಓಣಿ, ಮೆಟ್ಟಿಲು, ಅಡುಗೆಮನೆ, ಅಂಗಡಿ. ನಮ್ಮದು ಕೆಳದರ್ಜೆ, ಹಡಗಿನ ಅಟ್ಟದ ಮೇಲೆ ಹಾಸಿಗೆ ಬಿಚ್ಚಿ ಜಾಗ ಹಿಡಿದವನದೇ ರಾಜ್ಯ. ನನ್ನ ಒಂದು ಪಕ್ಕದಲ್ಲಿ ಕಚ್ಛದ ಬಡಗಿಗಳ ದೊಡ್ಡ ಸಂಸಾರ, ಅವರ ಜತೆ ಪಂಜರದಲ್ಲಿ ಒಂದು ಗಿಣಿ. ಇನ್ನೊಂದು ಪಕ್ಕದಲ್ಲಿ ಗಡ್ಡದ ಸಾಹೇಬರೊಬ್ಬರು ಚಾಪೆ ಬಿಚ್ಚುತ್ತಾ ತಮ್ಮಷ್ಟಕ್ಕೆ ತಾವೇ "ಥತ್, ಎಷ್ಟು ಇಕ್ಕಟ್ಟಪ್ಪ" ಅಂದರು.

ನಮ್ಮ ಭಾಷೆ. ನಾನು ಛಂಗನೆ ಎದ್ದು ಕೂತೆ. "ಸಾಹೇಬರು ಯಾವ ಕಡೆಯವರು?"

"ಚಾಮರಾಜನಗರ. ರೇಷ್ಮೆ ನೂಲು ತೆಗೆಸೋ ಕೆಲಸ. ತಾವು?"

ಇನ್ನೂ ಹಡಗು ಹೊರಟಿಲ್ಲ, ನಾವು ಆಗಲೇ ಯಾವ ಬೀದಿಯಲ್ಲಿ ಯಾರ ಮನೆ ಅಂತ ಶುರು ಮಾಡಿದ್ದೆವು. ಅವರ ಹೆಸರು ಗನಿ ಸಾಹೇಬರು. ಮೊಂಬಾಸಾದಲ್ಲಿ ಅಣ್ಣ ಇದ್ದಾನೆ, ಹತ್ತು ವರ್ಷದಿಂದ ಮುಖ ನೋಡಿಲ್ಲ, ಅದಕ್ಕೆ ಹೊರಟವರು.

ಪೂಜೆಯ ಕಷ್ಟ ಮೊದಲನೇ ಬೆಳಿಗ್ಗೆಯೇ ಗೊತ್ತಾಯಿತು. ಸಿಹಿನೀರಿನ ನಲ್ಲಿ ಬೆಳಿಗ್ಗೆ ಒಂದು ಗಂಟೆ ಹೊತ್ತು ಮಾತ್ರ ಬಿಡುತ್ತಾರೆ. ಅದರ ಮುಂದೆ ಚೊಂಬು, ಬಕೆಟ್ಟು, ಜಗಳ, ಅಳುವ ಮಕ್ಕಳು, ನಾಲ್ಕು ಭಾಷೆಯ ಬೈಗುಳ. ನನಗೆ ಇದ್ದಕ್ಕಿದ್ದಂತೆ ಊರೇ ನೆನಪಾಗಿ ಬಲು ಸಂತೋಷವಾಯಿತು. ಹೇಗೋ ಮಿಂದು, ದೊಡ್ಡ ಊಟದ ಕೋಣೆಯ ಗೋಡೆಗಡಿಯಾರ ನೋಡಿಕೊಂಡು ಓಡಿ ಬಂದು, ಎಂಟಕ್ಕೆ ಸರಿಯಾಗಿ ಒಂದು ಕಬ್ಬಿಣದ ಕಂಬಕ್ಕೆ ಬೆನ್ನು ಕೊಟ್ಟು ಕೂತೆ. ಹಡಗು ಒಂದು ಕಡೆ ವಾಲಿದರೆ ನಾನು ಇನ್ನೊಂದು ಕಡೆ ವಾಲಬೇಕು. ಅಂಗೈಯಲ್ಲಿರುವ ಲಿಂಗ ಜಾರಿ ಸಮುದ್ರ ಸೇರಿದರೆ ಏನು ಗತಿ ಅಂತ, ಊರಲ್ಲಿ ಎಂದೂ ಹಿಡಿಯದಷ್ಟು ಭದ್ರವಾಗಿ ಹಿಡಿದೆ. ಹಾಗೆ ಹಿಡಿದಾಗ ಗೊತ್ತಾಯಿತು, ಇಷ್ಟು ವರ್ಷ ನನ್ನ ಕೈಗೆ ಅದರ ತೂಕವೇ ತಿಳಿದಿರಲಿಲ್ಲ.

ಊರಿಂದ ತಂದ ಬಿಲ್ವಪತ್ರೆ ಮೂರನೇ ದಿನಕ್ಕೆ ಡಬ್ಬಿಯೊಳಗೆ ಬೂಷ್ಟು ಹಿಡಿದಿತ್ತು. ಅಡುಗೆಮನೆಯ ಬಾಗಿಲಲ್ಲಿ ಗೋವೆಯ ಒಬ್ಬ ಮುದುಕ ಈರುಳ್ಳಿ ಸುಲಿಯುತ್ತಾ ಕೂತಿರುತ್ತಿದ್ದ. ಎಡಗೈಯಲ್ಲಿ ಈರುಳ್ಳಿ, ಬಲಗೈ ಬಿಡುವಾದಾಗಲೆಲ್ಲ ಜೇಬಿನೊಳಗೆ ಹೋಗಿ ಜಪಮಣಿ ಉರುಳಿಸುತ್ತಿತ್ತು. ತುಟಿ ಮಾತ್ರ ಅಲ್ಲಾಡುತ್ತಿತ್ತು. ಇವನಿಗೆ ನನ್ನ ಕಷ್ಟ ತಿಳಿದೀತು ಅಂತ ಹೋಗಿ, ಮಂಡಿಯಲ್ಲಿ ಕಲಿತ ಹಿಂದೂಸ್ತಾನಿಯಲ್ಲಿ, ಮೂರು ದಳದ ಎಲೆ ಬೇಕು, ದೇವರಿಗೆ, ಅಂದೆ. ಅವನು ತುಂಬಾ ಹೊತ್ತು ಯೋಚಿಸಿ, ಒಳಗೆ ಹೋಗಿ, ಎರಡೂ ಕೈಯಲ್ಲಿ ಹಿಡಿದು ತಂದುಕೊಟ್ಟ: ಕೊತ್ತಂಬರಿ ಸೊಪ್ಪು. ನೋಡಿದರೆ ಎಲೆ ಮೂರಾಗಿ ಒಡೆದದ್ದು ನಿಜವೇ. ಅಷ್ಟು ಭಕ್ತಿಯಿಂದ ಕೊಟ್ಟದ್ದನ್ನು ಬೇಡ ಅನ್ನುವುದು ಹೇಗೆ? ನಮ್ಮ ವಂಶದಲ್ಲಿ ಶಿವನಿಗೆ ಕೊತ್ತಂಬರಿ ಏರಿಸಿದವನು ನಾನೊಬ್ಬನೇ. ಅವತ್ತು ಪೂಜೆ ಮುಗಿಯುವ ಹೊತ್ತಿಗೆ ನನಗೆ ವಿಪರೀತ ಹಸಿವು.

ಗನಿ ಸಾಹೇಬರಿಗೆ ಬೇರೆ ತಾಪತ್ರಯ. ಅವರು ದಿನಕ್ಕೆ ಐದು ಸಲ ಚಾಪೆ ಹಾಸುವವರು, ಮಕ್ಕಾದ ದಿಕ್ಕಿಗೆ ಮುಖ ಮಾಡಬೇಕು. ಹಡಗು ಮುಂದೆ ಹೋದಂತೆಲ್ಲ ದಿಕ್ಕು ಬದಲಾಗುತ್ತದೆ. ಹಡಗಿನ ಕೆಲಸಕ್ಕಿದ್ದ ರತ್ನಾಗಿರಿಯ ಒಬ್ಬ ಖಲಾಸಿಯನ್ನು ಕೇಳಿ ಕೇಳಿ, ದಿನದಿಂದ ದಿನಕ್ಕೆ ಅವರ ಚಾಪೆ ಗಡಿಯಾರದ ಮುಳ್ಳಿನ ಹಾಗೆ ತಿರುಗುತ್ತಿತ್ತು. ಬೊಂಬಾಯಿಯಲ್ಲಿ ಪಡುವಲಿಗೆ ತಿರುಗಿದ್ದವರು ಮೊಂಬಾಸಾ ತಲುಪುವಾಗ ಬಡಗಲಿಗೆ ತಿರುಗಿದ್ದರು.

"ನಿಮ್ಮದು ವಾಸಿ ಮಾದಪ್ಪೋರೆ," ಅಂದರು ಒಂದು ದಿನ. "ದೇವರನ್ನು ಅಂಗೈಯಲ್ಲೇ ಇಟ್ಕೊಂಡು ಓಡಾಡ್ತೀರಿ. ದಿಕ್ಕಿನ ರಗಳೆ ಇಲ್ಲ."

"ದಿಕ್ಕಿಲ್ಲ ಸಾಹೇಬರೆ, ನನಗೆ ಹೊತ್ತಿನ ರಗಳೆ" ಅಂದು ಬಸ್ಸಿನ ಕಥೆ ಹೇಳಿದೆ. ಅದು ಐದನೇ ದಿನ.

ಹಡಗು, ಐದನೇ ದಿನ

ಕಥೆ ಕೇಳಿ ಅವರು ನಗಲಿಲ್ಲ. "ದಿನಾ ಎಂಟಕ್ಕೆ ಕೂರ್ತೀರಲ್ಲ, ಅದು ಯಾವ ಗಡಿಯಾರದ ಎಂಟು?" ಅಂದರು.

"ಊಟದ ಕೋಣೆಯದು."

ಅವರು ಕೋಟಿನ ಒಳಜೇಬಿನಿಂದ ಒಂದು ಜೇಬುಗಡಿಯಾರ ತೆಗೆದರು. "ಇದು ಚಾಮರಾಜನಗರದ ಟೈಮು. ನಾನು ಮುಟ್ಟೇ ಇಲ್ಲ. ಮನೇಲಿ ಹೆಂಡ್ತಿ ಮಕ್ಕಳು ಈಗ ಏನು ಮಾಡ್ತಿರ್ತಾರೆ ಅಂತ ನೋಡ್ಕೊಳ್ಳೋಕೆ ಇಟ್ಕೊಂಡಿದ್ದೀನಿ. ನೋಡಿ."

ನಾನು ಆಗ ತಾನೆ ಎಂಟರ ಪೂಜೆ ಮುಗಿಸಿ ಎದ್ದಿದ್ದೆ. ಅವರ ಗಡಿಯಾರದಲ್ಲಿ ಹತ್ತು ಗಂಟೆಗೆ ಹತ್ತಿರ.

"ಪಡುವಲಿಗೆ ಹೋದ ಹಾಗೆಲ್ಲ ಇವರು ಗಡಿಯಾರ ಹಿಂದಕ್ಕೆ ತಿರುಗಿಸ್ತಾರೆ, ಅರ್ಧರ್ಧ ಗಂಟೆ. ಆಗಲೇ ಮೂರು ಸಲ ಆಯ್ತು. ಮೆಟ್ಟಿಲ ಹತ್ರ ಬೋರ್ಡಿನ ಮೇಲೆ ಬರೆದಿರ್ತಾರಲ್ಲ, ಓದಲಿಲ್ವಾ?"

ಬೋರ್ಡು ನೋಡಿದ್ದೆ. ಇಂಗ್ಲಿಷಿನಲ್ಲಿತ್ತು, ದೊರೆಗಳ ಊಟದ ಪಟ್ಟಿ ಇರಬೇಕು ಅಂತ ಗೌರವದಿಂದ ದೂರ ನಿಂತಿದ್ದೆ.

ಗಡಿಯಾರವನ್ನೇ ಹಿಂದಕ್ಕೆ ತಿರುಗಿಸಿಬಿಡುವ ಜನ ಇರುತ್ತಾರೆ ಅಂತ ನನಗೆ ಹೇಗೆ ಗೊತ್ತಾಗಬೇಕು? ನಮ್ಮ ಕಡೆ ಹೊತ್ತು ಅಂದರೆ ಹೊತ್ತು. ಆಗಲೇ ಲೆಕ್ಕ ಹಾಕಿದೆ. ಮೊದಲ ದಿನ ಸರಿ ಇತ್ತು. ಆಮೇಲೆ ಅರ್ಧ ಗಂಟೆ, ಒಂದು ಗಂಟೆ, ಇವತ್ತು ಒಂದೂವರೆ ಗಂಟೆ ತಡ. ಎಂಟು ಗಂಟೆಗೆ ಬಸ್ಸು ಬಂತು, ಹೋಯಿತು. ನನ್ನ ಹೆಂಡತಿ ಎದ್ದು ತಟ್ಟೆ ಮುಂದೆ ಕೂತಳು. ನಾನು ಇಲ್ಲಿ ನಲ್ಲಿಯ ಮುಂದೆ ಕಚ್ಛದವರ ಜತೆ ಜಗಳ ಮಾಡುತ್ತಿದ್ದೆ. ಸುಳ್ಳನ್ನ ಅಂದಿದ್ದಳಲ್ಲ, ಅದನ್ನೇ ಉಂಡಳು, ಒಂದು ದಿನವಲ್ಲ, ನಾಲ್ಕು ದಿನ. ಕಾಗದ ಬರೆಯೋಣವೆಂದರೆ ಅದು ನಾನು ವಾಪಸ್ಸು ಬರುವ ಹಡಗಿನಲ್ಲೇ ನನ್ನ ಜತೆ ಬರುತ್ತದೆ.

"ಬೇಜಾರು ಮಾಡ್ಕೋಬೇಡಿ," ಅಂದರು ಗನಿ ಸಾಹೇಬರು. "ನಾಳೆಯಿಂದ ಇದನ್ನು ನೋಡಿ ಕೂರಿ."

ಮಾರನೆಯ ದಿನದಿಂದ ಹಾಗೇ ಮಾಡಿದೆ. ನಲ್ಲಿ ಬಿಡುವ ಮೊದಲೇ ಕೂರಬೇಕಾದ್ದರಿಂದ ಹಗ್ಗ ಕಟ್ಟಿದ ಬಕೆಟ್ಟಿನಲ್ಲಿ ಸಮುದ್ರದ ನೀರೇ ಸೇದಿ ಮಿಂದೆ. ಒಂದೇ ದಿನದಲ್ಲಿ ಮೈ ಅಂಟಂಟು. ವಿಭೂತಿ ಹಚ್ಚಿದರೆ ಮೂರು ಗೆರೆ ಮೂಡುವ ಬದಲು ಹಣೆ ಸುಣ್ಣ ಬಳಿದ ಗೋಡೆಯಾಗುತ್ತಿತ್ತು. ಕಚ್ಛದವರ ಗಿಣಿ ನನ್ನನ್ನು ನೋಡಿ ಕಿರುಚುತ್ತಿತ್ತು. ಆದರೆ ಸಾಹೇಬರ ಗಡಿಯಾರದಲ್ಲಿ ಮುಳ್ಳು ಎಂಟರ ಮೇಲೆ ಬಂದಾಗ ಅಂಗೈಯಲ್ಲಿ ಲಿಂಗ ಇಟ್ಟುಕೊಂಡರೆ, ಸತ್ಯವಾಗಿ ಹೇಳುತ್ತೇನೆ, ಅಲೆಯ ಸದ್ದಿನ ಒಳಗೆಲ್ಲೋ ಬೇಗೂರಿನ ರಸ್ತೆಯ ಆ ಹಾರನ್ನು ಕೇಳಿದ ಹಾಗಾಗುತ್ತಿತ್ತು. ಎದ್ದು ಓಡಬೇಕಾಗಿಲ್ಲ ಅಂತ ನೆನಪಾಗಿ ಇನ್ನೊಂದಿಷ್ಟು ಹೊತ್ತು ಕೂರುತ್ತಿದ್ದೆ. ಓಡುವುದಾದರೂ ಎಲ್ಲಿಗೆ? ಸುತ್ತ ನೀರು.

ಮೊಂಬಾಸಾ, ಮೊದಲ ಬೆಳಿಗ್ಗೆ

ಒಂಬತ್ತು ದಿನ ನೀರೊಂದನ್ನೇ ನೋಡಿದ ಕಣ್ಣಿಗೆ ಮೊಂಬಾಸಾ ಹಬ್ಬದ ಮನೆಯ ಹಾಗೆ ಕಂಡಿತು. ತೆಂಗು, ಮಾವು, ಬಾಳೆ, ಎಲ್ಲ ನಮ್ಮವೇ; ನಡುನಡುವೆ ಆನೆಯ ಮೈಯಷ್ಟು ದಪ್ಪ ಬುಡದ, ತಲೆಯಲ್ಲಿ ನಾಲ್ಕೇ ಕಡ್ಡಿ ಇರುವ ಒಂದು ಮರ ಮಾತ್ರ ಹೊಸದು. ಕಪ್ಪು ಬಟ್ಟೆ ಹೊದ್ದ ಹೆಂಗಸರು, ಕಸೂತಿ ಟೋಪಿಯ ಗಂಡಸರು. ಯಾರೂ ಯಾರನ್ನೂ ಸುಮ್ಮನೆ ದಾಟಿ ಹೋಗುವುದಿಲ್ಲ. ನಿಂತು, ಕೈ ಹಿಡಿದು, ಮನೆಯವರೆಲ್ಲರ ಯೋಗಕ್ಷೇಮ ಕೇಳಿದ ಮೇಲೆಯೇ ಕೆಲಸದ ಮಾತು. ನಮ್ಮ ಬೇಗೂರಿನವರನ್ನು ಅಲ್ಲಿ ಬಿಟ್ಟರೆ ಎರಡೇ ದಿನದಲ್ಲಿ ಬೆರೆತುಹೋಗುತ್ತಾರೆ.

ಶೇಟು ನನ್ನನ್ನು ತಮ್ಮ ಉಗ್ರಾಣದ ಮಹಡಿಯಲ್ಲಿ ಇಳಿಸಿದರು. ಕಾವಲಿಗೆ ಜುಮಾ ಅಂತ ಒಬ್ಬ ಹಿರಿಯ. ಅವತ್ತು ಸಂಜೆ ಅವನು ಬಾಗಿಲಲ್ಲಿ ಕೂತು ಉಣ್ಣುವುದು ನೋಡಿ ನನಗೆ ಕುಣಿಯುವ ಹಾಗಾಯಿತು. ತಟ್ಟೆಯಲ್ಲಿ ಮುದ್ದೆ, ಪಕ್ಕದಲ್ಲಿ ಸೊಪ್ಪಿನ ಪಲ್ಯ. ಮುದ್ದೆ ಬೆಳ್ಳಗಿತ್ತು, ಮುಸುಕಿನ ಜೋಳದ ಹಿಟ್ಟಿನದು; ಅದೊಂದೇ ವ್ಯತ್ಯಾಸ. ನಾನು ಕಣ್ಣು ಬಿಟ್ಟು ನೋಡುವುದು ಕಂಡು ಅವನು ಒಂದು ತುಂಡು ಮುರಿದು ಕೊಟ್ಟ. ಅಗಿಯದೆ ನುಂಗಿ ತೋರಿಸಿದೆ. ಅವನು ತೊಡೆ ತಟ್ಟಿ ನಕ್ಕ.

ಗನಿ ಸಾಹೇಬರು ಅಣ್ಣನ ಮನೆಗೆ ಹೋಗಿದ್ದರು. ಅವರ ಜತೆ ಗಡಿಯಾರವೂ ಹೋಗಿತ್ತು. ಬೇಗೂರಿನ ಎಂಟು ಗಂಟೆ ಅಂದರೆ ಇಲ್ಲಿ ಬೆಳಗಿನ ಐದೂಕಾಲು, ಎರಡೂ ಮುಕ್ಕಾಲು ಗಂಟೆ ವ್ಯತ್ಯಾಸ ಅಂತ ಅವರೇ ಲೆಕ್ಕ ಮಾಡಿ ಹೇಳಿದ್ದರು. ನಾನು ಜುಮಾನಿಗೆ ಬೆಳಿಗ್ಗೆ ಐದಕ್ಕೆ ಎಬ್ಬಿಸಬೇಕು ಅಂತ ಕೈಸನ್ನೆ ಮಾಡಿದೆ. ಕಣ್ಣು ಮುಚ್ಚಿ ತೋರಿಸಿದೆ, ಬಾಗಿಲು ತಟ್ಟಿ ತೋರಿಸಿದೆ, ಐದು ಬೆರಳು ಎತ್ತಿದೆ. ಅವನೂ ಐದು ಬೆರಳು ಎತ್ತಿ ತಲೆಯಾಡಿಸಿದ. ಒಪ್ಪಂದ ಆಯಿತು ಅಂತ ನಿಶ್ಚಿಂತೆಯಿಂದ ಮಲಗಿದೆ. ಒಂಬತ್ತು ದಿನ ತೂಗಿದ ಮೈ, ಮಂಚ ಇನ್ನೂ ತೂಗುತ್ತಲೇ ಇತ್ತು.

ಎಚ್ಚರವಾದಾಗ ಕಿಟಕಿಯಲ್ಲಿ ಬಿಸಿಲು. ಕೆಳಗೆ ಗಾಡಿಗಳ ಸದ್ದು. ಶೇಟಿನ ಗುಮಾಸ್ತೆ ಬಾಗಿಲಲ್ಲಿ ನಿಂತು, "ಎಂಟೂವರೆ ಆಯ್ತು, ವ್ಯಾಪಾರದವರು ಬಂದು ಕೂತಿದ್ದಾರೆ" ಅಂತ ಅವಸರ ಮಾಡುತ್ತಿದ್ದ.

ಬೇಗೂರಿನಲ್ಲಿ ಹನ್ನೊಂದೂಕಾಲು. ಹಡಗಿನ ಮೇಲಾದರೆ ಅರಿಯದೆ ಆದ ತಪ್ಪು. ಇದು ಗೊತ್ತಿದ್ದೂ ಮಲಗಿದ ತಪ್ಪು.

ಮಿಂದೆ. ಲಿಂಗ ತೆಗೆಯಲು ಕೈ ಕರಡಿಗೆಗೆ ಹೋಯಿತು. ಗುಮಾಸ್ತೆ ಬಾಗಿಲಲ್ಲಿ ಕಾಲು ಬದಲಿಸುತ್ತಾ ನಿಂತಿದ್ದ, ಥೇಟು ಹಾರನ್ನಿನ ಹಾಗೆ. ರೊಟ್ಟಿ ತಿರುವಿಹಾಕುವಷ್ಟು ಹೊತ್ತಿನ ಪೂಜೆ ಮಾಡಿ ಹೋಗಬಹುದಿತ್ತು. ನನ್ನ ಕೈಗೆ ಅದು ಚೆನ್ನಾಗಿ ಅಭ್ಯಾಸ. ಆದರೆ ತಡವಾದದ್ದೂ ಅಲ್ಲದೆ ತುಂಡು ಪೂಜೆ ಬೇರೆ ಮಾಡಲು ಮನಸ್ಸು ಬರಲಿಲ್ಲ. ಪೂಜೆಯಿಲ್ಲದೆ, ಅದಕ್ಕೇ ಒಂದು ಗುಟುಕು ಚಹವನ್ನೂ ಕುಡಿಯದೆ ಕೆಳಗಿಳಿದೆ.

ಉಗ್ರಾಣದಲ್ಲಿ ಶೇಟು, ಒಳನಾಡಿಂದ ಬಂದ ಇಬ್ಬರು ವ್ಯಾಪಾರಿಗಳು, ನಡುವೆ ಬಾಯಿ ಬಿಚ್ಚಿದ ಮೂಟೆಗಳು. ನಾನು ಕೊಂಬು ಮುರಿದೆ. ಟಕ್ಕೆಂದಿತು. ಇನ್ನೊಂದು ಮೂಟೆ, ಅಲ್ಲೂ ಟಕ್ಕೆಂದಿತು. ನಮ್ಮ ಮಾಲು ಸರಿಯಾಗಿಯೇ ಒಣಗಿತ್ತು. ಕೈ ಕೆಲಸ ಮಾಡುತ್ತಿದ್ದರೂ ಮನಸ್ಸು ಬೇಗೂರಿನ ಅಡುಗೆಮನೆಯಲ್ಲೇ ಇತ್ತು. ಹೀಗೇ ಎರಡು ಗಂಟೆ ಕಳೆಯಿತು. ಮೂಟೆ ನೋಡುತ್ತಾ ನೋಡುತ್ತಾ ಗೋಡೆಯ ಹತ್ತಿರ ಬಂದಾಗ ಜುಮಾ ಬಾಗಿಲಲ್ಲಿ ಕಾಣಿಸಿಕೊಂಡ. ನೇರವಾಗಿ ನನ್ನ ಹತ್ತಿರ ಬಂದು, ಹೆಗಲು ಮೆಲ್ಲಗೆ ತಟ್ಟಿ, ಐದು ಬೆರಳು ಎತ್ತಿ, ಮಾತು ಉಳಿಸಿಕೊಂಡವನ ಗೆಲುವಿನಲ್ಲಿ ನಿಂತ. ಗಡಿಯಾರದಲ್ಲಿ ಹನ್ನೊಂದು.

ಶೇಟು ಹೊಟ್ಟೆ ಹಿಡಿದು ನಕ್ಕು ವಿವರಿಸಿದರು. ಇಲ್ಲಿನ ಜನ ಹೊತ್ತು ಹುಟ್ಟಿದಲ್ಲಿಂದ ಗಂಟೆ ಎಣಿಸುತ್ತಾರೆ. ನಮ್ಮ ಏಳು ಇವರಿಗೆ ಒಂದು, ನಮ್ಮ ಹನ್ನೊಂದು ಇವರಿಗೆ ಐದು. ಐದಕ್ಕೆ ಎಬ್ಬಿಸು ಅಂದಿದ್ದೀಯ, ಐದಕ್ಕೇ ಬಂದಿದ್ದಾನೆ. ನೀನು ಎಂಥ ಸೋಮಾರಿ ಅಂತ ಅಂದುಕೊಂಡಿರುತ್ತಾನೆ.

ಎಲ್ಲರೂ ನಕ್ಕರು, ನಾನೂ ನಕ್ಕೆ. ನಮ್ಮ ಅಜ್ಜನೂ ಹೊತ್ತು ಹುಟ್ಟಿದ ಮೇಲೆ ಇಷ್ಟು ಗಳಿಗೆ ಅಂತಲೇ ಎಣಿಸುತ್ತಿದ್ದ. ಇಲ್ಲಿ ಬಂದು ಅಜ್ಜನ ಲೆಕ್ಕ ಮರೆತವನು ನಾನು. ನಗು ನಿಂತ ಮೇಲೆ ಇದ್ದಕ್ಕಿದ್ದಂತೆ ಬಾಯಿಂದ ಮಾತು ಬಂದುಬಿಟ್ಟಿತು: "ಶೇಟ್‌ಜಿ, ನನಗೆ ಅರ್ಧ ಗಂಟೆ ಬೇಕು. ಪೂಜೆ ಆಗಿಲ್ಲ."

ಹದಿನೈದು ವರ್ಷದಲ್ಲಿ ಯಾವ ಮಂಡಿಯಲ್ಲೂ ನಾನು ಹೀಗೆ ಕೇಳಿದವನಲ್ಲ. ಶೇಟಿನ ಮುಖ ಸಣ್ಣದ್ದಾಯಿತು. "ಈಗಲೇ? ಇವರು ಎಷ್ಟು ದೂರದಿಂದ ಬಂದಿದ್ದಾರೆ."

ಒಳನಾಡಿನ ವ್ಯಾಪಾರಿಗಳಲ್ಲಿ ಹಿರಿಯವನು ಏನು ವಿಷಯ ಅಂತ ಕೇಳಿದ. ಶೇಟು ಅವನ ಭಾಷೆಯಲ್ಲಿ ಹೇಳಿದರು. ಅವನು ಕೈ ಎತ್ತಿ ಏನೋ ಅಂದ. ಶೇಟು ನಿಟ್ಟುಸಿರು ಬಿಟ್ಟು ತಿರುಗಿಸಿ ಹೇಳಿದರು: "ಅವನು ಮಾಡಲಿ, ಇನ್ನೇನು ನಮ್ಮ ನಮಾಜಿನ ಹೊತ್ತೂ ಆಗುತ್ತೆ, ಆಗ ಅವನು ನಮಗೆ ಕಾಯಲಿ ಅಂತಾನೆ."

ನಾನು ಅರಿಶಿನದ ಮೂಟೆಗಳ ಹಿಂದೆ ಕೂತು ಲಿಂಗ ಅಂಗೈಯಲ್ಲಿಟ್ಟುಕೊಂಡೆ. ಸುತ್ತ ನಮ್ಮ ಊರಿನ ಹೊಲದ ವಾಸನೆ. ದೇವರಲ್ಲಿ ಬೇರೇನೂ ಕೇಳಲಿಲ್ಲ. ಅವಳು ಉಂಡ ಅನ್ನ ಸುಳ್ಳಾಗದಿರಲಿ ಅಂತ ಅದೊಂದೇ. ನನಗಾಗಿ ನಾಲ್ಕು ಜನ ಮಾತು ತಗ್ಗಿಸಿ ಕೂತಿದ್ದರು. ಆಮೇಲೆ ಅವರು ಮಸೀದಿಗೆ ಹೋದರು, ಜುಮಾನೂ ಹೋದ, ನಾನು ಕಾದೆ. ಶೇಟು ಇಬ್ಬರ ನಡುವೆ ಸಿಕ್ಕಿಬಿದ್ದು, "ನಿಮ್ಮ ನಿಮ್ಮ ದೇವರುಗಳನ್ನೆಲ್ಲ ಮುಗಿಸಿ ಬರೋದ್ರೊಳಗೆ ನನ್ನ ಅರಿಶಿನಕ್ಕೆ ಇನ್ನೊಂದು ಸಲ ಹುಳ ಬೀಳುತ್ತೆ" ಅಂದರು.

ಹುಳಕ್ಕೆ ಕಾರಣವೂ ಆ ಕಾಯುವ ಹೊತ್ತಿನಲ್ಲೇ ಕಂಡಿತು. ಸುಮ್ಮನೆ ಕೂತವನ ಬೆನ್ನಿಗೆ ಗೋಡೆ ತಣ್ಣಗೆ ತಾಗಿತು. ಸಮುದ್ರದ ಕಡೆಯ ಗೋಡೆ, ಒಳಗೆಲ್ಲ ತೇವ. ಮೂಟೆಗಳನ್ನು ಅದಕ್ಕೇ ಒರಗಿಸಿ ಪೇರಿಸಿದ್ದರು. ಅಡಿಗೆ ಹಲಗೆ ಹಾಕಿ, ಗೋಡೆಯಿಂದ ಒಂದು ಮೊಳ ಬಿಟ್ಟು ಇಡಿ ಅಂದೆ. ಇಷ್ಟು ಹೇಳಲು ನಾನು ಸಮುದ್ರ ದಾಟಿದ್ದೆ.

ಮೊಂಬಾಸಾ, ಉಳಿದ ದಿನಗಳು

ಸಂಜೆ ಗನಿ ಸಾಹೇಬರು ಅಣ್ಣನನ್ನು ಕರೆದುಕೊಂಡು ನೋಡಲು ಬಂದರು. ಮುಖದಲ್ಲಿ ಹತ್ತು ವರ್ಷದ ಸಂತೋಷ. ನನ್ನ ಐದು ಬೆರಳಿನ ಕಥೆ ಕೇಳಿ ನಕ್ಕು, ಆಮೇಲೆ ಸಮಾಧಾನ ಹೇಳಿದರು. "ನಮ್ಮದೆಲ್ಲ ಸೂರ್ಯನ ಲೆಕ್ಕ, ಮಾದಪ್ಪೋರೆ. ಎಲ್ಲಿರ್ತೀವೋ ಅಲ್ಲಿನ ಸೂರ್ಯ. ನೀವೂ ಹಾಗೇ ಮಾಡಿ. ಇಲ್ಲಿ ಎಂಟಾದಾಗ ಆರಾಮವಾಗಿ ಕೂರಿ. ದೇವರು ಬೇಡ ಅಂತಾನಾ?"

"ದೇವರು ಅನ್ನಲ್ಲ ಸಾಹೇಬರೆ. ನಾನು ಮಾತು ಕೊಟ್ಟಿರೋದು ಹೆಂಡತಿಗೆ."

ಅವರ ಅಣ್ಣ ಇದನ್ನು ಕೇಳಿ, "ಹಾಗಿದ್ರೆ ಐದೂಕಾಲೇ ಸರಿ" ಅಂದರು, ಬಹಳ ಗಂಭೀರವಾಗಿ.

ಅಲ್ಲಿದ್ದಷ್ಟು ದಿನವೂ ಜುಮಾನೇ ಎಬ್ಬಿಸಿದ. ಮುಂಜಾನೆಯ ನಮಾಜಿಗೆ ಹೊರಡುತ್ತಾ ಬಾಗಿಲು ತಟ್ಟಿ, ಹತ್ತು ಬೆರಳು ಎತ್ತಿ, ಮಡಿಸಿ, ಮತ್ತೊಂದು ಎತ್ತುತ್ತಿದ್ದ. ಅವರ ಲೆಕ್ಕದಲ್ಲಿ ಅದು ಹನ್ನೊಂದು ಗಂಟೆ. ಅವನು ಮಸೀದಿಗೆ, ನಾನು ಬಕೆಟ್ಟಿನ ಹತ್ತಿರಕ್ಕೆ. ಅವನು ವಾಪಸ್ಸು ಬರುವಾಗ ನಾನಿನ್ನೂ ಕಣ್ಣು ಮುಚ್ಚಿ ಕೂತಿರುತ್ತಿದ್ದೆ. ಅವನು ಚಪ್ಪಲಿ ಕೈಯಲ್ಲಿ ಹಿಡಿದು ಸದ್ದಾಗದಂತೆ ದಾಟಿಹೋಗುತ್ತಿದ್ದ. ಹೊರಡುವ ದಿನ ಒಂದು ಸಣ್ಣ ಕೊಂಬು ಅರಿಶಿನ ಅವನ ಕೈಗೆ ಕೊಟ್ಟೆ. ಅವನು ಅದನ್ನು ಮುರಿದು, ಕಿವಿಗೆ ಹಿಡಿದು, ಟಕ್ಕೆಂದದ್ದಕ್ಕೆ ನನ್ನ ಹಾಗೆಯೇ ಹುಬ್ಬು ಹಾರಿಸಿದ.

ಮತ್ತೆ ಬೇಗೂರು

ಬರುವಾಗ ಹಡಗಿನವರು ಕದ್ದ ಹೊತ್ತನ್ನೆಲ್ಲ ಒಂದೊಂದಾಗಿ ವಾಪಸ್ಸು ಕೊಟ್ಟರು. ಈ ಸಲ ದಿನಾ ಬೋರ್ಡು ಓದಿಸಿಕೊಂಡು, ಲೆಕ್ಕ ಹಾಕಿಯೇ ಕೂತೆ. ಎಂಟು ಗಂಟೆ ಮತ್ತೆ ಎಂಟು ಗಂಟೆಯಾಯಿತು. ಬೇಗೂರಿನಲ್ಲಿ ಇಳಿದಾಗ ಮಧ್ಯಾಹ್ನ. ಮಕ್ಕಳು, ಓರಗಿತ್ತಿ, ಬೀದಿಯವರು ಎಲ್ಲ ಮುತ್ತಿಕೊಂಡರು. ಗುಂಪು ಕರಗಿದ ಮೇಲೆ ದೇವಮ್ಮಣ್ಣಿ ಮೊರದ ತುಂಬ ಅವರೆಕಾಯಿ ಹಾಕಿಕೊಂಡು ಜಗಲಿಯಲ್ಲಿ ಸುಲಿಯುತ್ತಾ ಕೂತಳು. ನಾನು ಎದುರಿಗೆ ಕೂತೆ. ಒಂದು ತಿಂಗಳಿಂದ ಹೊತ್ತುಕೊಂಡು ಬಂದದ್ದನ್ನು ಇಳಿಸಬೇಕಿತ್ತು.

"ಮಾತು ತಪ್ಪಿದೆ ಕಣಮ್ಮಿ," ಅಂದೆ. ಹಡಗಿನ ಗಡಿಯಾರ ಹೇಳಿದೆ, ತಡವಾದ ನಾಲ್ಕು ದಿನ ಹೇಳಿದೆ, ಜುಮಾನ ಐದು ಬೆರಳು ಹೇಳಿದೆ. "ಆ ದಿನ ನಾನು ಕೂತಾಗ ಇಲ್ಲಿ ಎರಡು ಗಂಟೆಗೆ ಹತ್ತಿರ. ನೀನು ಎಂಟಕ್ಕೆ ಕೂತಿದ್ದೆ. ಐದು ದಿನ ನೀನು ಒಬ್ಬಳೇ ಕೂತೆ."

ಅವಳು ಕಾಯಿ ಸುಲಿಯುವುದು ನಿಲ್ಲಿಸಿ ನನ್ನನ್ನೇ ನೋಡಿದಳು. ಆಮೇಲೆ ಸೆರಗು ಬಾಯಿಗೆ ಹಿಡಿದುಕೊಂಡು ನಗಲು ಶುರು ಮಾಡಿದಳು.

"ಬಸ್ಸು ಯಾವತ್ತು ಎಂಟು ಗಂಟ್ಗ ಬಂದದ, ನೀವೇ ಏಳಿ ನೋಡವ."

ನಾನು ಕಟ್ಟೆಯ ಹತ್ತಿರದ ಹಲಗೆಯ ಕಡೆ ತಿರುಗಿ ನೋಡಿದೆ.

"ಎಂಟಕ್ಕೂ ಬಂದದ, ಒಂಬತ್ತಕ್ಕೂ ಬಂದದ, ಅತ್ತೂವರೆಗೂ ಬಂದದ ಅಂತ ಅಂಗಡಿಯೋರು ಏಳ್ತಿದ್ರು. ನಾನೇನು ಗಡಿಯಾರ ಕಂಡಿದ್ನಾ? ಒತ್ತುಟ್ಟಿ ಮಿಂದು ಕುಂತ್ರ ಆರನ್ ಆಗೋಗಂಟ ಏಳ್ತಿರ್ನಿಲ್ಲ."

"ಅಷ್ಟು ಹೊತ್ತೂವಾ?"

"ಮತ್ತ? ನೀವಲ್ಲಿ ಕುಂತಿರೊತ್ಗ ನಾನು ಎದ್ದೋಗಕಾಯ್ತದಾ?"

ಹದಿನೈದು ವರ್ಷ ಆ ಬಸ್ಸಿಗೆ ಕಾದವನು ನಾನು. ಅದು ಹಲಗೆಯ ಮೇಲಿನ ಗಂಟೆಗೆ ಬರುವುದಿಲ್ಲ ಅಂತ ನನಗಿಂತ ಚೆನ್ನಾಗಿ ಬಲ್ಲವರು ಯಾರು? ಆದರೆ ಸಮುದ್ರದ ಮೇಲೆ ಕೂತವನಿಗೆ ಊರಿನದೆಲ್ಲ ಸರಿಯಾಗಿಯೇ ನಡೆಯುತ್ತಿರುತ್ತದೆ ಅಂತ ಅನ್ನಿಸುತ್ತದೆ. ನಾನು ಉಪ್ಪುನೀರಿನಲ್ಲಿ ಮಿಂದು ಎಂಟರ ಮುಳ್ಳು ಕಾಯುತ್ತಿದ್ದಾಗಲೂ ಅವಳು ಕೂತಿದ್ದಳು. ತಡವಾಗಿ ಕೂತಾಗಲೂ ಕೂತೇ ಇದ್ದಳು.

"ಆದರೂ ಆ ಎರಡು ಗಂಟೆಯ ದಿನ," ಅಂದೆ.

"ಯಾವ ವಾರ?"

"ಸೋಮವಾರ."

ಅವಳು ಒಂದು ಕಾಯಿ ಕೈಯಲ್ಲಿ ಹಿಡಿದು ಸ್ವಲ್ಪ ಹೊತ್ತು ರಸ್ತೆ ನೋಡಿದಳು. "ಒಂದ್ ದಿವ್ಸ ಬಸ್ಸು ಇರೀಕಾಟಿ ತಾವು ಕೆಟ್ಟು ನಿಂತಿತ್ತು. ಒತ್ತು ವಾಲೋಗಂಟ ಕುಂತಿದ್ದಿ. ಸೋಮಾರ್ವೋ, ಮಂಗಳ್ವಾರ್ವೋ." ಕಾಯಿ ಬಿಡಿಸಿ ಕಾಳು ಮೊರಕ್ಕೆ ಹಾಕಿದಳು. "ಸೋಮಾರ್ವೇ ಕಣ."

"ನಿಜವಾ?"

"ನಿಜ್ವೇ ಬುಡಿ. ಸುಮ್ನ ಕುಂತಿದ್ದೀರಲ್ಲ, ನೀವೂ ನಾಕು ಕಾಯಿ ಸುಲೀರಿ."

ಆ ದಿನ ಬಸ್ಸು ನಿಜವಾಗಿಯೂ ಕೆಟ್ಟಿತ್ತೋ, ನನ್ನ ಮುಖ ನೋಡಿ ಅವಳೇ ಕೆಡಿಸಿದಳೋ, ಇವತ್ತಿಗೂ ನನಗೆ ಗೊತ್ತಿಲ್ಲ. ಕಂಡಕ್ಟರನ್ನು ಕೇಳಿದರೆ ತಿಳಿಯುತ್ತದೆ. ನಾನು ಕೇಳಿಲ್ಲ.

ಮಾರನೆಯ ಬೆಳಿಗ್ಗೆ ಇಬ್ಬರೂ ಮಿಂದು ಅಕ್ಕಪಕ್ಕ ಕೂತೆವು. ತಾಜಾ ಪತ್ರೆ, ಸಿಹಿನೀರು, ಅಲುಗಾಡದ ನೆಲ. ಎಷ್ಟು ಹೊತ್ತಾಯಿತೋ, ಹಿರೀಕಾಟಿ ಕಡೆಯಿಂದ ಹಾರನ್ನು ಕೇಳಿಸಿತು. ನನ್ನ ಮೊಣಕಾಲು ತಾನಾಗಿಯೇ ಮೇಲೆದ್ದಿತು. ಒಂದು ಕಣ್ಣು ತೆರೆದು ನೋಡಿದರೆ ದೇವಮ್ಮಣ್ಣಿ ಅಲ್ಲಾಡಿಲ್ಲ.

"ಹಾರನ್ ಆಯ್ತಲ್ಲ," ಅಂದೆ ಮೆಲ್ಲಗೆ.

ಅವಳು ಕಣ್ಣು ತೆರೆಯದೆಯೇ ಅಂದಳು: "ಆರನ್ ಲೆಕ್ಕ ನೀವು ದೂರ ಇದ್ದಾಗ ಕಣ. ಈಗ ಇಲ್ಲೇ ಇದ್ದೀರಲ್ಲ, ಕುಂತ್ಕಳಿ."

ಮೊಣಕಾಲು ಇಳಿಸಿದೆ. ಬಸ್ಸು ಬಾಗಿಲ ಮುಂದೆ ನಿಂತು ಇನ್ನೊಂದು ಸಲ ಕೂಗಿತು. ಯಾರೋ ನನ್ನ ಹೆಸರು ಹಿಡಿದು ಕರೆದರು. ಆಮೇಲೆ ಅದು ನನ್ನನ್ನು ಬಿಟ್ಟು ಗುಂಡ್ಲುಪೇಟೆಯ ಕಡೆಗೆ ಹೊರಟುಹೋಯಿತು.